ಅಜ್ಜಿ ಮಾತು ಬಿಟ್ಟ ಎಂಟು ತಿಂಗಳು

ಕಳೆದ ತಿಂಗಳು ಮನೆ ಬದಲಾಯಿಸುವಾಗ ಹಳೇ ಕಾಗದಗಳ ಪೆಟ್ಟಿಗೆಯಲ್ಲಿ ಒಂದು ಪುಟ್ಟ ನೋಟ್‌ಬುಕ್ ಸಿಕ್ಕಿತು. ಮಗಳು ಮಾತು ಕಲಿಯುವಾಗ ನಾನು ಬರೆದಿಟ್ಟುಕೊಂಡಿದ್ದು. ಅವಳಿಗೆ ಎರಡು ವರ್ಷ ತುಂಬಿದ ದಿನದ ಪುಟದಲ್ಲಿ ಮೂರು ಸಾಲು ಪದಗಳಿವೆ. ಎಡಗಡೆ ಕನ್ನಡ: ಅಮ್ಮ, ಹಾಲು, ಬೇಡ, ಚಪ್ಪಲಿ, ಮಾಮ. ನಡುವೆ ತುಳು: ಪುಚ್ಚೆ (ಬೆಕ್ಕು), ಕಕ್ಕೆ (ಕಾಗೆ), ನುಪ್ಪು (ಅನ್ನ), ಇಜ್ಜಿ (ಇಲ್ಲ), ಬಲ (ಬಾ). ಬಲಗಡೆ ಇಂಗ್ಲಿಷ್: ಬಾಲ್, ಶೂ, ಬಾಯ್. ಅಷ್ಟು ನನ್ನ ಕೈಬರಹ. ಪುಟದ ಕೆಳಗೆ ಕೆಂಪು ಇಂಕಿನಲ್ಲಿ ಬೇರೆಯವರ ಕೈಬರಹದಲ್ಲಿ ಒಂದು ಲೆಕ್ಕ ಇದೆ. 19+23+11=53. ಪ್ಯಾಕಿಂಗ್ ಬಿಟ್ಟು ನೆಲದ ಮೇಲೇ ಕೂತೆ. ಆ ಲೆಕ್ಕ ಮಾಡಿದವರು ಯಾರು ಅಂತ ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮೊದಲು ಅದನ್ನು ನಾನು ಯಾಕೆ ಮಾಡಲಿಲ್ಲ ಅನ್ನುವುದನ್ನು ಹೇಳಬೇಕು.

ನಾನು ಹಾಸನದ ಕಡೆಯವಳು, ಮನೆಮಾತು ಕನ್ನಡ. ನನ್ನ ಗಂಡನ ಊರು ಪುತ್ತೂರಿನ ಹತ್ತಿರ, ಅವರ ಮನೆಮಾತು ತುಳು. ನಾವಿರುವುದು ಬೆಂಗಳೂರಿನಲ್ಲಿ. ಮಗಳು ಹುಟ್ಟಿದ ಮೇಲೆ ಅತ್ತೆ ನಮ್ಮ ಜೊತೆಗೇ ಇದ್ದರು. ಹಾಗಾಗಿ ಮಗಳು ಹಗಲೆಲ್ಲ ತುಳು ಕೇಳುತ್ತಿದ್ದಳು, ಸಂಜೆ ನನ್ನಿಂದ ಕನ್ನಡ, ಮಧ್ಯೆ ಮಧ್ಯೆ ಎಲ್ಲರ ಬಾಯಿಂದ ಇಂಗ್ಲಿಷ್. ಅದು ನಮಗೆ ವಿಶೇಷ ಅಂತ ಯಾವತ್ತೂ ಅನಿಸಿರಲಿಲ್ಲ. ಎರಡು ವರ್ಷವಾದರೂ ಅವಳು ಓರಗೆಯ ಮಕ್ಕಳಷ್ಟು ಮಾತಾಡುತ್ತಿಲ್ಲ ಅನಿಸಿ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ಅಲ್ಲಿ ಕೊಟ್ಟ ಫಾರಂನಲ್ಲಿ ಮಗು ಎಷ್ಟು ಪದ ಆಡುತ್ತದೆ ಅಂತ ಒಂದು ಕಡೆ ಬರೆಯಬೇಕಿತ್ತು. ನಾನು 19 ಅಂತ ಬರೆದೆ. ತುಳು ಪದಗಳನ್ನೂ ಎಣಿಸಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಅಲ್ಲಿನ ಡಾಕ್ಟರೂ ಕೇಳಲಿಲ್ಲ. ಎರಡು ವರ್ಷಕ್ಕೆ ಕಡಿಮೆಯೆಂದರೂ 50 ಪದ ಇರಬೇಕು ಅನ್ನುವುದು ಎಲ್ಲ ಕಡೆ ನೋಡುವ ಲೆಕ್ಕ. 19 ನೋಡಿ ಅವರ ಮುಖ ಗಂಭೀರವಾಯಿತು. "ಮನೇಲಿ ಎಷ್ಟು ಭಾಷೆ?" ಅಂದರು. ಮೂರು ಅಂದೆ. "ಅದಕ್ಕೇ ಮಗು ಕನ್ಫ್ಯೂಸ್ ಆಗಿದೆ. ಒಂದೇ ಭಾಷೆ ಇಟ್ಕೊಳ್ಳಿ. ಇಂಗ್ಲಿಷ್ ಆದ್ರೆ ಒಳ್ಳೇದು, ಹೇಗಿದ್ರೂ ಸ್ಕೂಲಿಗೆ ಅದೇ ಬೇಕಲ್ವಾ?"

ಅವತ್ತು ರಾತ್ರಿಯೇ ನಾವು ತೀರ್ಮಾನ ಮಾಡಿಬಿಟ್ಟೆವು. ಇನ್ನು ಮೇಲೆ ಮಗುವಿನ ಜೊತೆ ಇಂಗ್ಲಿಷ್ ಮಾತ್ರ.

"ಈಟ್, ಈಟ್"

ಅತ್ತೆಗೆ ಕನ್ನಡ ಚೆನ್ನಾಗಿ ಬರುತ್ತದೆ, ಶಾಲೆಯಲ್ಲಿ ಕಲಿತ ಮಂಗಳೂರು ಕಡೆಯ ಅಚ್ಚುಕಟ್ಟು ಕನ್ನಡ. ಇಂಗ್ಲಿಷ್ ಬರುವುದಿಲ್ಲ. ನಾವು ವಿಷಯ ಹೇಳಿದಾಗ ಅವರು ವಾದ ಮಾಡಲಿಲ್ಲ. "ಡಾಕ್ಟ್ರು ಹೇಳಿದ ಮೇಲೆ ಎಂತ ಮಾಡುವುದು, ಮಗುವಿಗೆ ಒಳ್ಳೆಯದಾದರೆ ಸಾಕು" ಅಂದರು. ಮಾರನೇ ದಿನದಿಂದ ಅವರಿಗೆ ಗೊತ್ತಿದ್ದ ಐದಾರು ಇಂಗ್ಲಿಷ್ ಪದಗಳಲ್ಲೇ ಮೊಮ್ಮಗಳನ್ನು ನೋಡಿಕೊಳ್ಳಲು ಶುರು ಮಾಡಿದರು. ಕಮ್. ಸಿಟ್. ಈಟ್. ನೋ.

ಒಂದು ಮಧ್ಯಾಹ್ನ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನ. ಬಾಲ್ಕನಿಯಲ್ಲಿ ಅತ್ತೆ ಮಗುವಿಗೆ ಊಟ ಮಾಡಿಸುತ್ತಿದ್ದರು. ಮೊದಲೆಲ್ಲ ಆ ಊಟಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಕಾಗೆಯ ಅತ್ತೆ ಮನೆ ಎಲ್ಲಿ, ಅದು ಇವತ್ತು ಯಾಕೆ ತಡವಾಗಿ ಬಂತು, ಬೆಕ್ಕಿಗೂ ಅದಕ್ಕೂ ಏನು ಜಗಳ, ಈ ತುತ್ತು ಕಾಗೆಗೋ ನಿನಗೋ, ಹೀಗೆ ಮುಗಿಯದ ಕತೆ. ಅವತ್ತು ಅಲ್ಲಿ ಸದ್ದಿರಲಿಲ್ಲ. "ಈಟ್, ಈಟ್" ಅನ್ನುವುದೊಂದೇ ಕೇಳುತ್ತಿತ್ತು. ಕಾಗೆ ಬಂದು ಕಂಬಿಯ ಮೇಲೆ ಕೂತಿತು. ಮಗು ಬೆರಳು ತೋರಿಸಿ "ಕಕ್ಕೆ" ಅಂದಳು. ಅತ್ತೆ ಉತ್ತರ ಕೊಡುವ ಮೊದಲು ತಿರುಗಿ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ತಮ್ಮ ಮೊಮ್ಮಗಳಿಗೆ ಕಾಗೆಯನ್ನು ಕಕ್ಕೆ ಅನ್ನಬಹುದಾ ಅಂತ ನನ್ನ ಅಪ್ಪಣೆ ಕೇಳುವ ಹಾಗಿತ್ತು ಆ ನೋಟ. ನಾನು ಏನೂ ಹೇಳದೆ ಒಳಗೆ ಬಂದೆ. ಆಗ ಏನಾದರೂ ಹೇಳಬೇಕಿತ್ತು.

ಆ ಎಂಟು ತಿಂಗಳಲ್ಲಿ ಆಗಿದ್ದು ಇಷ್ಟು. ಇಂಗ್ಲಿಷ್ ಪದಗಳು ಜಾಸ್ತಿಯಾದವು, ನಿಜ. ಬಣ್ಣಗಳ ಹೆಸರು, ಪ್ರಾಣಿಗಳ ಹೆಸರು, ಹಣ್ಣುಗಳ ಹೆಸರು. "ವಾಟ್ ಈಸ್ ದಿಸ್" ಅಂದರೆ ಪಟ್ಟನೆ ಹೇಳುತ್ತಿದ್ದಳು. ಆದರೆ ಮಾತು ಅಂದರೆ ಹೆಸರುಗಳ ಪಟ್ಟಿ ಅಲ್ಲವಲ್ಲ. "ಯಾಕೆ" ಅನ್ನುವುದು ಬಾಯಿಗೆ ಬರಲೇ ಇಲ್ಲ. ಸುಮ್ನೆ ಸುಳ್ಳು ಕತೆ ಕಟ್ಟುವುದು, ಹಟ ಮಾಡಿ ವಾದಿಸುವುದು, ಇಲ್ಲದ್ದನ್ನು ಇದೆ ಅಂದುಕೊಂಡು ಆಡುವುದು, ಇದೆಲ್ಲ ಅವಳು ಅಜ್ಜಿಯ ಜೊತೆ ಕಲಿಯಬೇಕಾಗಿದ್ದದ್ದು. ಅಜ್ಜಿಯ ಹತ್ತಿರ ಆ ಭಾಷೆ ತುಂಬಿ ತುಳುಕುತ್ತಿತ್ತು. ನಮ್ಮ ಹತ್ತಿರ ಇದ್ದ ಇಂಗ್ಲಿಷ್ ಆಫೀಸಿನದು. ಅದರಲ್ಲಿ ಮೀಟಿಂಗ್ ಮಾಡಲು ಬರುತ್ತದೆ, ಕಾಗೆಗೆ ಅತ್ತೆ ಮನೆ ಕಟ್ಟಿಕೊಡಲು ಬರುವುದಿಲ್ಲ. ಮಕ್ಕಳ ಯೋಚನೆ ಬೆಳೆಯುವುದು ಯಾವ ಭಾಷೆಯಲ್ಲಿ ಅಂತ ಕೇಳಿದರೆ ನನ್ನ ಉತ್ತರ ಇಷ್ಟೇ: ಅವರ ಜೊತೆ ಇರುವ ದೊಡ್ಡವರು ಯಾವ ಭಾಷೆಯಲ್ಲಿ ಧಾರಾಳವಾಗಿದ್ದಾರೋ ಆ ಭಾಷೆಯಲ್ಲಿ.

ಕೊನೆಗೆ ನಮ್ಮ ಅಮ್ಮನ ಒತ್ತಾಯಕ್ಕೆ ಮೈಸೂರಿನಲ್ಲಿ ಒಬ್ಬ ಹಿರಿಯ ಮಾತಿನ ತಜ್ಞೆಯ ಹತ್ತಿರ ಹೋದೆವು. ಅವರು ಮೊದಲು ಕಿವಿ ಪರೀಕ್ಷೆ ಮಾಡಿಸಿದರು. ಕಿವಿ ಚೆನ್ನಾಗಿತ್ತು. ಆಮೇಲೆ ನನ್ನ ನೋಟ್‌ಬುಕ್ ತಗೊಂಡು ಹಿಂದಿನ ಪುಟಗಳನ್ನೆಲ್ಲ ತಿರುವಿ ಆ ಕೆಂಪು ಲೆಕ್ಕ ಬರೆದರು. "ಮಗುವಿನ ಹತ್ತಿರ 53 ಇದ್ದವಲ್ಲಮ್ಮ. ಒಂದೇ ವಸ್ತುವಿಗೆ ಎರಡೆರಡು ಪದ ಇರೋದು ನಾಲ್ಕೈದು ಇರಬಹುದು. ಅವನ್ನ ಕಳೆದ್ರೂ 19 ಎಲ್ಲಿ, ಇದೆಲ್ಲಿ?" ಅಂದರು. ಆಮೇಲೆ ಕೇಳಿದರು: "ಅಜ್ಜಿ ಯಾಕೆ ಬರಲಿಲ್ಲ?"

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಮಗು ನಿಜವಾಗಿ ತಡವಾಗಿ ಮಾತಾಡುತ್ತಿದ್ದರೆ ದಯವಿಟ್ಟು ತೋರಿಸಿ. ಕಿವಿ ಪರೀಕ್ಷೆ ಮಾಡಿಸಿ. ಮಾತು ತಡವಾಗಲು ಬೇರೆ ಬೇರೆ ಕಾರಣಗಳಿರುತ್ತವೆ, ಬೇಗ ಗೊತ್ತಾದಷ್ಟೂ ಒಳ್ಳೆಯದು. ಆದರೆ ಮನೆಯಲ್ಲಿ ಎರಡು ಭಾಷೆ ಇರುವುದು ಆ ಕಾರಣಗಳಲ್ಲಿ ಒಂದಲ್ಲ. ಹುಟ್ಟಿನಿಂದಲೇ ಕಲಿಕೆ ನಿಧಾನವಾಗಿರುವ, ಡೌನ್ ಸಿಂಡ್ರೋಮ್ ಇರುವ ಮಕ್ಕಳು ಕೂಡ ಎರಡು ಭಾಷೆ ಕಲಿಯುತ್ತಾರೆ, ಅದರಿಂದ ಅವರಿಗೆ ಹೆಚ್ಚಿನ ತೊಂದರೆ ಆಗುವುದಿಲ್ಲ ಅಂತ ಅಧ್ಯಯನಗಳು ತೋರಿಸಿವೆ. ಒಂದು ಭಾಷೆಯನ್ನು ಕಿತ್ತುಹಾಕುವುದು ಔಷಧ ಅಲ್ಲ.

ವೇಲ್ಸ್‌ನಿಂದ ಬಂದ ಮಾತು

"ಕನ್ಫ್ಯೂಸ್" ಅನ್ನುವ ಆ ಪದ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದೆ. ಅದಕ್ಕೆ ನೂರು ವರ್ಷದ ಇತಿಹಾಸ ಇದೆ. 1923ರಲ್ಲಿ ಸೇರ್ ಅನ್ನುವವರು ಬ್ರಿಟನ್ನಿನ ವೇಲ್ಸ್‌ನ ಶಾಲಾ ಮಕ್ಕಳಿಗೆ ಬುದ್ಧಿ ಪರೀಕ್ಷೆ ಮಾಡಿದರು. ಹಳ್ಳಿಗಳಲ್ಲಿ ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಆಡುವ ಮಕ್ಕಳು ಇಂಗ್ಲಿಷ್ ಮಾತ್ರ ಆಡುವವರಿಗಿಂತ ಕಡಿಮೆ ಅಂಕ ತೆಗೆದರು. ಎರಡು ಭಾಷೆಯಿಂದ ಮಕ್ಕಳ ತಲೆ ಗೊಂದಲಕ್ಕೆ ಬೀಳುತ್ತದೆ ಅಂತ ಅವರು ಬರೆದರು. ಅದೇ ಅಧ್ಯಯನದಲ್ಲಿ ಪಟ್ಟಣದ ಮಕ್ಕಳ ನಡುವೆ ಅಂಥ ವ್ಯತ್ಯಾಸ ಕಂಡಿರಲಿಲ್ಲ. ಹಾಗಾದರೆ ದೋಷ ಎರಡು ಭಾಷೆಯದಾ, ಆ ಹಳ್ಳಿಗಳ ಬಡತನದ್ದಾ, ಅಲ್ಲಿ ಇಂಗ್ಲಿಷ್ ಕಿವಿಗೆ ಬೀಳುವುದೇ ಕಡಿಮೆ ಇದ್ದದ್ದಾ? ಆ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಮುಂದಿನ ನಲವತ್ತು ವರ್ಷ ಇಂಥ ಫಲಿತಾಂಶಗಳೇ ಜಾಸ್ತಿ ಬಂದವು. ಹೋಲಿಕೆ ಬಹಳಷ್ಟು ಸಲ ಬಡ ವಲಸಿಗರ ಮಕ್ಕಳಿಗೂ ಅನುಕೂಲಸ್ಥರ ಮಕ್ಕಳಿಗೂ ನಡುವೆ ನಡೆಯುತ್ತಿತ್ತು.

ಗಾಳಿ ತಿರುಗಿದ್ದು 1962ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ. ಎಲಿಜಬೆತ್ ಪೀಲ್ ಮತ್ತು ವಾಲೆಸ್ ಲ್ಯಾಂಬರ್ಟ್ ಹತ್ತು ವರ್ಷದ ಮಕ್ಕಳನ್ನು ನೋಡಿದರು. ಮನೆಯ ಸ್ಥಿತಿಗತಿ ಒಂದೇ ತರಹ ಇರುವ ಹಾಗೆ ಎಚ್ಚರ ವಹಿಸಿದರು. ಫ್ರೆಂಚ್, ಇಂಗ್ಲಿಷ್ ಎರಡೂ ಚೆನ್ನಾಗಿ ಬರುವ ಮಕ್ಕಳೇ ಮುಂದಿದ್ದರು. ಆದರೆ ಅವರು ಆರಿಸಿಕೊಂಡದ್ದು ಎರಡರಲ್ಲೂ ಪಳಗಿದ ಮಕ್ಕಳನ್ನು. ಚುರುಕಾಗಿದ್ದರಿಂದ ಎರಡು ಭಾಷೆ ಬಂತೋ, ಎರಡು ಭಾಷೆಯಿಂದ ಚುರುಕಾದರೋ ಅನ್ನುವುದು ಅದರಿಂದ ತಿಳಿಯುವುದಿಲ್ಲ.

ನನಗೆ ಇವೆರಡಕ್ಕಿಂತ ಹತ್ತಿರ ಅನಿಸಿದ್ದು ಒಡಿಶಾದಲ್ಲಿ ಅಜಿತ್ ಮೊಹಂತಿ ಮಾಡಿದ ಕೆಲಸ. ಆಗಿನ ಫುಲ್ಬಾನಿ ಜಿಲ್ಲೆಯ ಕಂಧ ಬುಡಕಟ್ಟಿನ ಜನರಲ್ಲಿ ಕೆಲವು ಕಡೆ ಕುಯಿ ಭಾಷೆ ಬಿಟ್ಟುಹೋಗಿ ಬರೀ ಒಡಿಯಾ ಉಳಿದಿತ್ತು. ಬೇರೆ ಕಡೆ ಎರಡೂ ಇದ್ದವು. ಜನ ಅವರೇ, ಬದುಕು ಅದೇ, ಬಡತನವೂ ಅದೇ. ಮನೆಯಲ್ಲಿ ಒಂದು ಭಾಷೆಯೋ ಎರಡೋ ಅನ್ನುವುದೇ ದೊಡ್ಡ ವ್ಯತ್ಯಾಸ. ಎರಡೂ ಉಳಿಸಿಕೊಂಡ ಮಕ್ಕಳು ಭಾಷೆಯ ಬಗ್ಗೆಯೇ ಯೋಚಿಸುವ ಪ್ರಶ್ನೆಗಳಲ್ಲಿ ಮುಂದಿದ್ದರು ಅಂತ ಅವರು ಕಂಡುಕೊಂಡರು. ಯಾವುದೋ ದೂರದ ಲ್ಯಾಬ್‌ನ ವಿಷಯ ಅಲ್ಲ ಇದು. ಶಾಲೆಯ ಫಾರಂನಲ್ಲಿ ಹೆಸರೇ ಇರದ ಒಂದು ಮನೆಮಾತು ಮಕ್ಕಳ ತಲೆಯಲ್ಲಿ ಏನು ಕೆಲಸ ಮಾಡುತ್ತಿತ್ತು ಅನ್ನುವ ವಿಷಯ.

ಪೆತ್ತ ಹಾಲು ಕೊಡುತ್ತದೆ

ಮೈಸೂರಿನಿಂದ ಬಂದ ಮೇಲೆ ನಾವು ಅತ್ತೆಯ ಹತ್ತಿರ ಕ್ಷಮೆ ಕೇಳಿದೆವು. ಅವರು ಅದಕ್ಕೂ ಏನೂ ಅನ್ನಲಿಲ್ಲ, ಎದ್ದು ಹೋಗಿ ಮಗುವನ್ನು ಎತ್ತಿಕೊಂಡರು. ಬಾಲ್ಕನಿಗೆ ಮಾತು ಬರಲು ಆಮೇಲೂ ಎರಡು ಮೂರು ವಾರ ಬೇಕಾಯಿತು. ಬಂದ ಮೇಲೆ ಮಾತ್ರ ನಿಲ್ಲಲಿಲ್ಲ. ಮಗಳು ಎಲ್ಲವನ್ನೂ ಬೆರೆಸಿ ಮಾತಾಡುತ್ತಿದ್ದಳು. "ಅಮ್ಮ, ಪುಚ್ಚೆಗೆ ಹಾಲು ಕೊಡು." ನೋಡಿದವರು ಗೊಂದಲ ಅನ್ನಬಹುದು. ಆದರೆ ಸ್ವಲ್ಪ ಗಮನಿಸಿ. ಪುಚ್ಚೆ ತುಳುವಿನದು, ಅದಕ್ಕೆ ಹಚ್ಚಿದ "ಗೆ" ಕನ್ನಡದ್ದು, ಅದು ಬರಬೇಕಾದ ಜಾಗದಲ್ಲೇ ಬಂದಿದೆ. ವಾಕ್ಯ ಪೂರ್ತಿ ಕನ್ನಡದ ಹಳಿಯ ಮೇಲೇ ಓಡುತ್ತಿದೆ. ನಾವು "ಬಸ್‌ಗೆ ಕಾಯ್ತಾ ಇದೀನಿ" ಅಂದಾಗ ನಮ್ಮನ್ನು ಯಾರಾದರೂ ಕನ್ಫ್ಯೂಸ್ ಆಗಿದ್ದಾರೆ ಅನ್ನುತ್ತಾರಾ?

ಹೊಸಬರು ಬಂದರೆ ಅವಳು ಮಾಡುತ್ತಿದ್ದದ್ದು ನೋಡಲು ಚೆಂದ. ಮೊದಲು ಒಂದು ಪದ ಎಸೆದು ಮುಖ ನೋಡುತ್ತಿದ್ದಳು. ಅರ್ಥವಾಗದಿದ್ದರೆ ಇನ್ನೊಂದು ಭಾಷೆ. ಎದುರಿನವರ ತಲೆಯಲ್ಲಿ ಏನಿದೆ, ಏನಿಲ್ಲ ಅಂತ ಮೂರು ವರ್ಷದ ಮಗು ದಿನಾ ಲೆಕ್ಕ ಹಾಕುತ್ತಿತ್ತು. ತುಳುವಿನಲ್ಲಿ "ಇಲ್ಲ್" ಅಂದರೆ ಮನೆ, "ಉಂಡು" ಅಂದರೆ ಇದೆ. ಕನ್ನಡದವರ ಕಿವಿಗೆ ಒಂದು "ಇಲ್ಲ", ಇನ್ನೊಂದು ಊಟ ಮಾಡಿ ಮುಗಿಸಿದ್ದು. "ಇಲ್ಲ್ ಉಂಡು" ಅಂತ ಅಜ್ಜಿ ಹೇಳಿದರೆ ಅವಳು ನನ್ನ ಕಡೆ ತಿರುಗಿ "ಅಮ್ಮ, ಮನೆ ಇದೆ ಅಂತ, ಇಲ್ಲ ಅಂತ ಅಲ್ಲ" ಅನ್ನುತ್ತಿದ್ದಳು. ನಾನು ಎಲ್ಲಿ ತಪ್ಪುತ್ತೇನೆ ಅಂತ ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು.

ಮಕ್ಕಳ ಮನಸ್ಸನ್ನು ಅಭ್ಯಾಸ ಮಾಡುವವರು ಬಹಳ ಹಿಂದಿನಿಂದ ಕೇಳುವ ಒಂದು ಪ್ರಶ್ನೆ ಇದೆ. ನಾಯಿಗೆ ಹಸು ಅಂತ ಹೆಸರಿಟ್ಟರೆ ಅದು ಹಾಲು ಕೊಡುತ್ತದಾ? ಚಿಕ್ಕ ಮಕ್ಕಳು ಎಷ್ಟೋ ಸಲ ಹೌದು ಅನ್ನುತ್ತಾರೆ. ಅವರಿಗೆ ಹೆಸರೂ ವಸ್ತುವೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮಗಳಿಗೆ ಐದು ವರ್ಷ ಆಗುವ ಹೊತ್ತಿಗೆ ನಾನು ಸ್ವಲ್ಪ ತಿರುಗಿಸಿ ಕೇಳಿದೆ. "ಹಸೂನ ನಾಯಿ ಅಂತ ಕರೆದ್ರೆ ಅದು ಹಾಲು ಕೊಡುತ್ತಾ?" ಅವಳು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. "ಅಜ್ಜಿ ಅದನ್ನ ಪೆತ್ತ ಅಂತ ಕರೀತಾರಲ್ಲಮ್ಮ. ಅದು ಹಾಲು ಕೊಡ್ತಾನೇ ಇದೆ."

ನನಗೆ ಎರಡು ಭಾಷೆಯ ಮಕ್ಕಳ ಬಗ್ಗೆ ಸಂಶಯವಿಲ್ಲದೆ ಹೇಳಬಹುದಾದ ವಿಷಯ ಇದೊಂದೇ. ಹೆಸರು ಬೇರೆ, ವಸ್ತು ಬೇರೆ ಅಂತ ಅವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಅಜ್ಜಿ ಮತ್ತು ಅಮ್ಮನ ನಡುವೆ ಓಡಾಡಿದರೆ ಸಾಕು, ಅದು ತಾನಾಗಿ ಬರುತ್ತದೆ.

ಟಾನಿಕ್ ಅಂದುಕೊಂಡ ದಿನಗಳು

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನಾನು ಇನ್ನೊಂದು ತುದಿಗೆ ಹೋದೆ. ಎರಡು ಭಾಷೆ ಕಲಿತರೆ ಮೆದುಳು ಚುರುಕಾಗುತ್ತದೆ ಅನ್ನುವ ಲೇಖನಗಳನ್ನೆಲ್ಲ ಓದಿದೆ. ಟೊರೊಂಟೊದ ಎಲೆನ್ ಬಿಯಾಲಿಸ್ಟಾಕ್ ಅವರ ಪ್ರಯೋಗಗಳು ಹೆಸರುವಾಸಿ. 1999ರ ಒಂದು ಅಧ್ಯಯನದಲ್ಲಿ ಅವರು ಬಳಸಿದ ಕಾರ್ಡಿನ ಆಟ ಸರಳ. ಮೊದಲು ಚಿತ್ರದ ಕಾರ್ಡುಗಳನ್ನು ಬಣ್ಣದ ಪ್ರಕಾರ ಎರಡು ಗುಂಪು ಮಾಡಬೇಕು. ಆಮೇಲೆ ನಿಯಮ ಬದಲಾಗುತ್ತದೆ, ಈಗ ಆಕಾರದ ಪ್ರಕಾರ. ಮೂರು ವರ್ಷದ ಮಕ್ಕಳು ಹೊಸ ನಿಯಮ ಬಾಯಲ್ಲಿ ಹೇಳಿದರೂ ಕೈ ಹಳೆಯ ಗುಂಪಿಗೇ ಹೋಗುತ್ತದೆ. ಎರಡು ಭಾಷೆಯ ಮಕ್ಕಳು ಈ ಹೊರಳುವಿಕೆಯನ್ನು ಬೇಗ ಕಲಿಯುತ್ತಾರೆ ಅಂತ ಅವರ ಅಧ್ಯಯನ ಹೇಳಿತು. ಒಂದು ಭಾಷೆ ಆಡುವಾಗ ಇನ್ನೊಂದನ್ನು ತಡೆದು ಹಿಡಿಯುವ ಅಭ್ಯಾಸವೇ ಇದಕ್ಕೆ ಕಾರಣ ಅಂತ ಅವರ ವಾದ.

ನಾನೂ ಕಾರ್ಡ್ ಕತ್ತರಿಸಿ ಕೂತೆ. ಹಸಿರು ಮಾವಿನಕಾಯಿ, ಹಳದಿ ಮಾವಿನಹಣ್ಣು, ಹಸಿರು ಬಾಳೆಕಾಯಿ, ಹಳದಿ ಬಾಳೆಹಣ್ಣು. ಆಗ ಮಗಳಿಗೆ ನಾಲ್ಕು ವರ್ಷ. ಬಣ್ಣ ಆಯಿತು, ಆಕಾರ ಅಂದೆ, ತಡವರಿಸದೆ ಮಾಡಿದಳು. ನನ್ನ ಖುಷಿ ಹೇಳತೀರದು. ಗಂಡನಿಗೆ ಫೋನ್ ಮಾಡಿ ಹೇಳಿದೆ. ಅದೇ ಸಂಜೆ ಪಕ್ಕದ ಮನೆಯ ಹುಡುಗಿ ಬಂದಳು, ಅವಳಿಗೂ ಅದೇ ವಯಸ್ಸು, ಮನೆಯಲ್ಲಿ ಕನ್ನಡ ಬಿಟ್ಟರೆ ಇನ್ನೊಂದಿಲ್ಲ. ಅವಳೂ ತಡವರಿಸದೆ ಮಾಡಿದಳು.

ಇಬ್ಬರು ಮಕ್ಕಳಿಂದ ಏನೂ ತೀರ್ಮಾನ ಆಗುವುದಿಲ್ಲ, ಗೊತ್ತು. ಆದರೆ ದೊಡ್ಡ ಸಂಖ್ಯೆಯ ಅಧ್ಯಯನಗಳೂ ಇದೇ ಕಡೆ ಬೆರಳು ತೋರಿಸಿವೆ. 2014ರಲ್ಲಿ ಸ್ಪೇನ್‌ನಲ್ಲಿ 504 ಮಕ್ಕಳನ್ನು ಹೋಲಿಸಿದರು, ಅರ್ಧ ಬಾಸ್ಕ್ ಮತ್ತು ಸ್ಪ್ಯಾನಿಷ್ ಎರಡೂ ಆಡುವವರು, ಅರ್ಧ ಸ್ಪ್ಯಾನಿಷ್ ಮಾತ್ರ. ಗಮನ ಹತೋಟಿಯಲ್ಲಿಡುವ ಪರೀಕ್ಷೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. 2019ರಲ್ಲಿ ಅಮೆರಿಕದ 9ರಿಂದ 10 ವರ್ಷದ 4,500ಕ್ಕೂ ಹೆಚ್ಚು ಮಕ್ಕಳಲ್ಲಿಯೂ ಆ ಲಾಭ ಕಾಣಲಿಲ್ಲ. ಮನಸ್ಸಿಗೆ ನಾಟಿದ್ದು 2015ರ ಒಂದು ಎಣಿಕೆ. ಏಂಜೆಲಾ ಡಿ ಬ್ರೂನ್ ಮತ್ತು ಜೊತೆಯವರು ಸಮ್ಮೇಳನಗಳಲ್ಲಿ ಮಂಡಿಸಿದ ಅಧ್ಯಯನಗಳಲ್ಲಿ ಎಷ್ಟು ಆಮೇಲೆ ಪತ್ರಿಕೆಗಳಲ್ಲಿ ಪ್ರಕಟವಾದವು ಅಂತ ನೋಡಿದರು. ಲಾಭ ಇದೆ ಅಂದವುಗಳಲ್ಲಿ ಶೇ 68 ಪ್ರಕಟವಾಗಿದ್ದವು. ಇಲ್ಲ ಅಂದವುಗಳಲ್ಲಿ ಶೇ 29 ಮಾತ್ರ. ನಾನು ಓದಿದ ಲೇಖನಗಳೆಲ್ಲ ಮೊದಲ ಗುಂಪಿನಿಂದಲೇ ಬಂದಿದ್ದವು ಅನ್ನುವುದು ಆಗ ಅರ್ಥವಾಯಿತು.

ವಯಸ್ಸಾದವರ ವಿಷಯ ಬೇರೆ. ಈಗ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಸುವರ್ಣ ಅಲ್ಲಾಡಿ ಅವರು ಹೈದರಾಬಾದ್‌ನಲ್ಲಿದ್ದಾಗ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 648 ಮರೆವಿನ ರೋಗಿಗಳಿದ್ದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದು ಬರಹ ಬಾರದವರಲ್ಲೂ ಹಾಗೇ. ನನಗೆ ಇದು ತುಂಬಾ ಇಷ್ಟವಾದ ಅಧ್ಯಯನ. ಆದರೆ ಅದು ಒಂದು ಜೀವಮಾನದ ಮಾತು, ನಾಲ್ಕು ವರ್ಷದ ಮಗುವಿನ ಅಂಕಪಟ್ಟಿಯ ಮಾತಲ್ಲ.

ಇಷ್ಟೆಲ್ಲ ಓದಿದ ಮೇಲೆ ನನಗೆ ಒಂದು ವಿಷಯಕ್ಕೆ ನೋವಾಯಿತು. ಮೊದಲು ತುಳು ಬುದ್ಧಿಗೆ ಕೆಟ್ಟದ್ದು ಅಂದರು, ನಾವು ಬಿಡಿಸಿದೆವು. ಆಮೇಲೆ ಬುದ್ಧಿಗೆ ಒಳ್ಳೆಯದು ಅಂದರು, ನಾವು ಹಿಡಿದೆವು. ಎರಡು ಸಲವೂ ಅತ್ತೆಯ ಭಾಷೆಯನ್ನು ಕೆಮ್ಮಿನ ಔಷಧದ ಹಾಗೆ ನೋಡಿದ್ದೆವು. ನಾಳೆ ಇನ್ನೊಂದು ಅಧ್ಯಯನ ಬಂದು ಏನೂ ಲಾಭವಿಲ್ಲ ಅಂದರೆ ಅವರ ಬಾಯಿ ಮತ್ತೆ ಮುಚ್ಚಿಸಬೇಕಾ?

48 ಗೋಲಿ

ಯೋಚನೆಗೂ ಭಾಷೆಗೂ ಇರುವ ಸಂಬಂಧ ನನಗೆ ಸರಿಯಾಗಿ ಕಂಡದ್ದು ಲ್ಯಾಬ್‌ನ ಕಾರ್ಡುಗಳಲ್ಲಿ ಅಲ್ಲ, ಒಬ್ಬ ಹುಡುಗನ ಮನೆಪಾಠದಲ್ಲಿ. ನಮ್ಮ ಮನೆ ಕೆಲಸಕ್ಕೆ ಬರುವ ಅಕ್ಕನ ಮಗ ಮೂರನೇ ಕ್ಲಾಸು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಓದುವುದು ಇಂಗ್ಲಿಷ್ ಮೀಡಿಯಂ. ಅವರಮ್ಮ ಹೊಟ್ಟೆ ಬಟ್ಟೆ ಕಟ್ಟಿ ಫೀಸು ಕಟ್ಟುತ್ತಾರೆ. ಒಂದು ಶನಿವಾರ ಅವನು ಅಡುಗೆಮನೆ ಬಾಗಿಲಲ್ಲಿ ಕೂತು ಲೆಕ್ಕ ಮಾಡುತ್ತಿದ್ದ. 48 ಗೋಲಿಗಳನ್ನು ಆರು ಜನ ಗೆಳೆಯರಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು, ಇದು ಇಂಗ್ಲಿಷಿನಲ್ಲಿ. ಅವನು 54 ಅಂತ ಬರೆದಿದ್ದ. ಕಂಡ ಎರಡು ಸಂಖ್ಯೆಗಳನ್ನು ಕೂಡಿಸಿಬಿಟ್ಟಿದ್ದ. ಓದು ಅಂದೆ. ಒಂದು ತಪ್ಪಿಲ್ಲದೆ ಗಟ್ಟಿಯಾಗಿ ಓದಿದ. ಹಾಗಂದರೆ ಏನು ಅಂದೆ. ಸುಮ್ಮನೆ ನೆಲ ನೋಡಿದ.

ಅದನ್ನೇ ಕನ್ನಡದಲ್ಲಿ ಹೇಳಿದೆ. ಅವನು ಪೆನ್ಸಿಲ್ ಕೆಳಗಿಟ್ಟ. "ಒಬ್ಬೊಬ್ಬರಿಗೆ ಐದೈದು ಕೊಟ್ರೆ ಮೂವತ್ತು ಆಯ್ತು ಆಂಟಿ. ಇನ್ನೂ ಹದಿನೆಂಟು ಐತೆ. ಮತ್ತೆ ಮೂರು ಮೂರು ಕೊಟ್ರೆ ಖಾಲಿ. ಎಂಟು." ಯಾರೂ ಹೇಳಿಕೊಡದ ದಾರಿ. ಅವನೇ ಕಟ್ಟಿಕೊಂಡ ದಾರಿ. ಆ ಹುಡುಗನಿಗೆ ಮೂರು ಭಾಷೆ, ಯೋಚಿಸುವ ಶಕ್ತಿಗೆ ಏನೂ ಕೊರತೆ ಇಲ್ಲ. ಆದರೆ ಅವನ ಶಾಲೆಯ ದೃಷ್ಟಿಯಲ್ಲಿ ಅವನು ಲೆಕ್ಕದಲ್ಲಿ ಹಿಂದೆ. ಅವನ ಯೋಚನೆ ಬಾಗಿಲ ಹೊರಗೆ ನಿಂತಿದೆ, ಒಳಗೆ ಕರೆಯುವ ಭಾಷೆ ಯಾರೂ ಆಡುತ್ತಿಲ್ಲ.

ಕೆನಡಾದ ಜಿಮ್ ಕಮಿನ್ಸ್ ಈ ವಿಷಯವನ್ನು ಹತ್ತಾರು ವರ್ಷ ಅಭ್ಯಾಸ ಮಾಡಿದವರು. ಹೊಸ ಭಾಷೆಯಲ್ಲಿ ಆಟದ ಮೈದಾನದ ಮಾತು ಮಕ್ಕಳಿಗೆ ಎರಡು ವರ್ಷದಲ್ಲಿ ಬಂದುಬಿಡುತ್ತದೆ, ಪಾಠದ ಭಾಷೆ ಕೈಗೆ ಸಿಗಲು ಐದರಿಂದ ಏಳು ವರ್ಷ ಬೇಕು ಅಂತ ಅವರು ತೋರಿಸಿದರು. ಅದೂ ಸುತ್ತಲೆಲ್ಲ ಇಂಗ್ಲಿಷ್ ಇರುವ ಊರಿನಲ್ಲಿ. ಮಾಂಟ್ರಿಯಲ್‌ನ ಲ್ಯಾಂಬರ್ಟ್ ಆಮೇಲೆ ಇನ್ನೊಂದು ಮುಖ್ಯ ಮಾತು ಹೇಳಿದರು. ಎರಡನೇ ಭಾಷೆ ಬಂದು ಮೊದಲನೆಯದರ ಪಕ್ಕ ಕೂತರೆ ಅದು ಕೂಡುವ ಲೆಕ್ಕ. ಮೊದಲನೆಯದನ್ನು ಎಬ್ಬಿಸಿ ಆ ಜಾಗದಲ್ಲಿ ಕೂತರೆ ಕಳೆಯುವ ಲೆಕ್ಕ. ನಮ್ಮಲ್ಲಿ ಕನ್ನಡವೋ ಇಂಗ್ಲಿಷೋ ಅಂತ ದಶಕಗಳಿಂದ ಜಗಳ ನಡೆಯುತ್ತಿದೆ. ಆದರೆ ಆ ಹುಡುಗನ ತೆಲುಗು, ನಮ್ಮ ಅತ್ತೆಯ ತುಳು, ಲಂಬಾಣಿ, ದಖ್ಖನಿ, ಬ್ಯಾರಿ, ಕೊಡವ, ಇವು ಆ ಜಗಳದೊಳಗೂ ಬರುವುದಿಲ್ಲ. 2011ರ ಜನಗಣತಿಯಲ್ಲಿ ತುಳು ಮಾತೃಭಾಷೆ ಅಂದವರು 18 ಲಕ್ಷಕ್ಕೂ ಹೆಚ್ಚು. ಆದರೂ ನನ್ನ ಕೈಯಲ್ಲಿದ್ದ ಫಾರಂನಲ್ಲಿ ಅದು ಎಣಿಕೆಗೆ ಬರುವ ಭಾಷೆ ಅಂತ ನನಗೇ ಅನಿಸಲಿಲ್ಲ. ನಾನು ಓದಿದವಳು, ಆ ಮನೆಯ ಸೊಸೆ. ಅಂಥ ನನಗೇ ಅನಿಸಲಿಲ್ಲ.

ಆ ಹುಡುಗ ಈಗ ಶನಿವಾರ ಶನಿವಾರ ಬರುತ್ತಾನೆ. ಮೊದಲು ಲೆಕ್ಕವನ್ನು ಕನ್ನಡದಲ್ಲಿ ಹೇಳುತ್ತಾನೆ, ಒಮ್ಮೊಮ್ಮೆ ಅವರಮ್ಮನಿಗೆ ತೆಲುಗಿನಲ್ಲಿ. ಆಮೇಲೆ ಇಂಗ್ಲಿಷ್ ಓದುತ್ತೇವೆ. ಅವನ ಇಂಗ್ಲಿಷೂ ಹೀಗೇ ಬೇಗ ಬರುತ್ತಿದೆ.

ನಾವು ಅಂದರೆ ಯಾರು?

ಮಗಳಿಗೆ ಐದಾರು ವರ್ಷವಿದ್ದಾಗ ಒಂದು ಅಭ್ಯಾಸ ಇತ್ತು. ನಾನು "ನಾವು ಆಚೆ ಹೋಗ್ತಿದೀವಿ" ಅಂದರೆ ಸಾಕು, "ನಾವು ಅಂದ್ರೆ ನಾನೂನಾ?" ಅಂತ ಕೇಳುತ್ತಿದ್ದಳು. ಪ್ರತಿ ಸಲ. ಬಿಟ್ಟು ಹೋಗುತ್ತೇವೆ ಅನ್ನುವ ಭಯ ಇರಬೇಕು ಅಂದುಕೊಂಡು ನಾನು ತಬ್ಬಿಕೊಂಡು ಸಮಾಧಾನ ಮಾಡುತ್ತಿದ್ದೆ. ಒಂದು ದಿನ ಅವಳೇ ಬೇಜಾರಾಗಿ ಹೇಳಿದಳು. "ಅಜ್ಜಿ ಆದ್ರೆ ಸರಿಯಾಗಿ ಹೇಳ್ತಾರೆ. ನಾನೂ ಹೋಗೋದಿದ್ರೆ 'ನಮ' ಅಂತಾರೆ. ನಾನು ಇಲ್ದಿದ್ರೆ 'ಎಂಕುಲು' ಅಂತಾರೆ. ನೀನು ಎರಡಕ್ಕೂ ನಾವು ಅಂತೀಯ."

ತುಳುವಿನಲ್ಲಿ ಕೇಳುತ್ತಿರುವವರನ್ನೂ ಸೇರಿಸಿಕೊಂಡ "ನಾವು" ಬೇರೆ, ಅವರನ್ನು ಬಿಟ್ಟ "ನಾವು" ಬೇರೆ. ನಾವು ದಿನಾ ಆಡುವ ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ಮಗು ಹೆದರಿರಲಿಲ್ಲ. ಒಂದು ಭಾಷೆಯಲ್ಲಿ ಇರುವ ಗೆರೆಯನ್ನು ಇನ್ನೊಂದರಲ್ಲಿ ಹುಡುಕುತ್ತಿದ್ದಳು, ಇಲ್ಲದ ಕಡೆ ಪ್ರಶ್ನೆ ಕೇಳಿ ತಾನೇ ಎಳೆದುಕೊಳ್ಳುತ್ತಿದ್ದಳು. ಇದನ್ನು ಯಾವ ಪರೀಕ್ಷೆಯೂ ಅಳೆಯುವುದಿಲ್ಲ. ಅಳೆಯದಿದ್ದರೂ ನಾನು ಇದನ್ನು ಯೋಚನೆ ಅಂತಲೇ ಕರೆಯುತ್ತೇನೆ.

ಅವಳ ಮಾತು ಕೇಳಿ ನನಗೆ ಮದುವೆಯಾದ ಹೊಸತರ ಒಂದು ಬೆಳಿಗ್ಗೆ ನೆನಪಾಯಿತು. ಪುತ್ತೂರಿನ ಮನೆಯಲ್ಲಿ ಅತ್ತೆ ನನಗೆ "ಎಂಕುಲು ದೇವಸ್ಥಾನೊಗು ಪೋಪ" ಅಂದರು. ದೇವಸ್ಥಾನ ಅರ್ಥವಾಯಿತು, ಹೋಗುವುದು ಅರ್ಥವಾಯಿತು. ಮಹಾಲಿಂಗೇಶ್ವರ ದೇವಸ್ಥಾನಕ್ಕೆ ನಾವೆಲ್ಲ ಹೊರಟಿದ್ದೇವೆ ಅಂದುಕೊಂಡು ಸೀರೆ ಬದಲಿಸಿ, ಹೂ ಮುಡಿದು ಚಾವಡಿಗೆ ಬಂದೆ. ಜೀಪು ಆಗಲೇ ಅಂಗಳ ದಾಟಿತ್ತು. ಹಿಂದಿನ ರಾತ್ರಿ ನನಗೆ ಜ್ವರ ಇತ್ತು, ಅದಕ್ಕೇ ಮಲಗಿರಲಿ ಅಂತ ಬಿಟ್ಟು ಹೋಗಿದ್ದರು. ನನಗದು ತಿಳಿಯಲಿಲ್ಲ. ಕರೆದ ಹಾಗೆ ಮಾಡಿ ಬಿಟ್ಟು ಹೋದರು ಅಂತಲೇ ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಗಂಡನಿಗೂ ಹೇಳಿರಲಿಲ್ಲ. ಆ ಒಂದು ಪದ ಗೊತ್ತಿದ್ದಿದ್ದರೆ ನಾನು ಅವತ್ತು ಸೀರೆ ಬದಲಿಸುತ್ತಲೇ ಇರಲಿಲ್ಲ, ಹೊದ್ದು ಮಲಗುತ್ತಿದ್ದೆ.

ಈ ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿದ್ದೆವು. ಪುತ್ತೂರು ಜಾತ್ರೆಯ ದಿನಗಳು. ನಾನು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನನ್ನನ್ನೂ ಮಗಳನ್ನೂ ನೋಡಿ ಏನೋ ಹೇಳಿ ಒಳಗೆ ಹೋದರು. ದೇವಸ್ಥಾನ ಅನ್ನುವುದಷ್ಟೇ ಕಿವಿಗೆ ಬಿತ್ತು. ಸರಿ, ಅವರು ಹೋಗಿ ಬರಲಿ ಅಂತ ನಾನು ಬಕೆಟಿನಿಂದ ಇನ್ನೊಂದು ಟವೆಲ್ ಎತ್ತಿಕೊಂಡೆ. ಮಗಳು ಓಡಿ ಬಂದು ಟವೆಲ್ ಕಿತ್ತುಕೊಂಡಳು.

"ಅಮ್ಮ, ಅಜ್ಜಿ 'ನಮ' ಅಂದ್ರು. ನೀನೂ ಬರ್ಬೇಕು."